ಐದು ವರ್ಷಕ್ಕೆ ಏಳು ತಿಂಗಳು ಬಾಕಿ: ಗಾರ್ಮೆಂಟ್ಸ್ ಟೈಲರ್ ಒಬ್ಬರ ಆಪ್ತಸಲಹೆ ಪ್ರಕರಣ

ಮಂಜುಳಾ (ಗುರುತು ಸಿಗದಂತೆ ಹೆಸರು, ವಿವರ ಬದಲಿಸಲಾಗಿದೆ) 31 ವರ್ಷದ ಟೈಲರ್. ಬೆಂಗಳೂರಿನ ಪೀಣ್ಯ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಶರ್ಟಿಗೆ ಕಾಲರ್ ಕೂರಿಸುವ ಕೆಲಸ. 9 ವರ್ಷದಲ್ಲಿ ಇದು ಮೂರನೇ ಫ್ಯಾಕ್ಟರಿ, ಇಲ್ಲಿ 4 ವರ್ಷ 5 ತಿಂಗಳಾಗಿದೆ. ತಲೆನೋವು, ನಿದ್ದೆ ಬರುತ್ತಿಲ್ಲ ಎಂದು ಬಂದವರು ಎರಡನೇ ಮಾತಿಗೇ, “ಮೇಡಂ, ಈ ತಿಂಗಳ ಸಂಬಳ ತಗೊಂಡು ಬಿಟ್ಬಿಡ್ತೀನಿ. ಪಕ್ಕದ ಫ್ಯಾಕ್ಟರೀಲಿ 600 ರೂಪಾಯಿ ಜಾಸ್ತಿ ಕೊಡ್ತಾರಂತೆ” ಎಂದರು.

ಕೆಲಸ ಬಿಡುವವರು ಸಂಬಳದ ಕಾರಣ ಹೇಳುವುದು ಹೆಚ್ಚು, ಏಕೆಂದರೆ ಅದನ್ನು ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ಎಚ್‌ಆರ್‌ನವರೂ ಫಾರಂನಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಗಾಗಿ ‘ಯಾಕೆ ಬಿಡ್ತೀರಿ’ ಎಂದು ಕೇಳದೆ, ನಿನ್ನೆಯ ಪಾಳಿಯನ್ನು ಗಂಟೆ ಗಂಟೆಯಾಗಿ ಹೇಳಿಸಿದೆವು. ಆಗ ಹೊರಬಿದ್ದದ್ದು ಬೇರೆಯೇ.

ಮೂರು ವಾರದಿಂದ ಲೈನಿಗೆ ಚೆಕ್ಸ್ ಶರ್ಟ್ ಬಂದಿದೆ. ಪ್ಲೇನ್ ಬಟ್ಟೆಯಲ್ಲಿ ಒಂದು ಕಾಲರ್‌ಗೆ 0.75 ನಿಮಿಷ ಎಂದು ಲೆಕ್ಕ. 75% ಎಫಿಶಿಯೆನ್ಸಿ (ಗಂಟೆಯಲ್ಲಿ 45 ನಿಮಿಷ ಹೊಲಿಗೆ) ಹಿಡಿದರೆ ಗಂಟೆಗೆ 60 ಪೀಸ್. ಚೆಕ್ಸ್‌ನಲ್ಲಿ ಗೆರೆಗೆ ಗೆರೆ ಕೂಡಿಸಬೇಕು, ಒಂದಕ್ಕೆ 0.95 ನಿಮಿಷವಾದರೂ ಬೇಕು. ಟಾರ್ಗೆಟ್ ಬೋರ್ಡಿನ ಮೇಲೆ ಮಾತ್ರ ಅದೇ 60. ಅಂದರೆ ಗಂಟೆಯಲ್ಲಿ 57 ನಿಮಿಷ ಕೈ ನಿಲ್ಲಬಾರದು! ಹೊಲಿಯಬೇಕಾದ ಪೀಸ್‌ಗಳ ಬಂಡಲ್ ಬರುವುದು ಹತ್ತು ನಿಮಿಷ ತಡವಾದರೆ, ನೀಡಲ್ ಮುರಿದರೆ, ಆ ಹೊತ್ತೂ ಅವರ ತಲೆಗೇ. ಟಾರ್ಗೆಟ್ ತಪ್ಪಿದಾಗ ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ. ಟಾಯ್ಲೆಟ್‌ಗೆ ಏಳಬಾರದೆಂದು ಮಂಜುಳಾ ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರವೂ ಇತ್ತು. ತಲೆನೋವು, ಉರಿಮೂತ್ರ ಎರಡಕ್ಕೂ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಜೀವ ಬೇಡವೆನಿಸುತ್ತಿದೆಯೇ ಎಂದೂ ನೇರವಾಗಿ ಕೇಳಿದೆವು. ಅಂಥದ್ದಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಸಂಬಳ, ಮೇಲ್ವಿಚಾರಣೆ, ಕೆಲಸದ ವಾತಾವರಣ ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ, ತೃಪ್ತಿ ಕೊಡುವುದು ಸಾಧನೆ ಮತ್ತು ಮನ್ನಣೆ ಎಂದು ವಿಂಗಡಿಸಿದ. ಅವನು ಮಾತಾಡಿಸಿದ್ದು ಎಂಜಿನಿಯರು, ಅಕೌಂಟೆಂಟರನ್ನು. ಹೊಲಿಗೆ ಲೈನಿನಲ್ಲಿ ಈ ಗೆರೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಇಲ್ಲಿ ಸಾಧನೆ, ಮನ್ನಣೆ ಎಲ್ಲವೂ ಟಾರ್ಗೆಟ್ ಬೋರ್ಡಿನಲ್ಲೇ ಇದೆ. ಬೋರ್ಡೇ ಸುಳ್ಳಾದರೆ ಒಳ್ಳೆಯ ಟೈಲರ್‌ಗೂ ತಾನು ಕೆಲಸಗಳ್ಳಿ ಅನಿಸತೊಡಗುತ್ತದೆ.

ಬಿಡುವುದಕ್ಕೆ ಇನ್ನೊಂದು ಕಾರಣವಿತ್ತು. ಗಂಡನಿಗೆ ಹರ್ನಿಯಾ ಆಪರೇಷನ್ ಆಗಬೇಕು, ರಾಜೀನಾಮೆ ಕೊಟ್ಟರೆ ಪಿಎಫ್ ಕೈಗೆ ಬರುತ್ತದೆ ಎಂಬುದು ಅವರ ಲೆಕ್ಕ. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಆಪತ್ತಿಗೆ ಆಗುವ ಗಂಟು. ಅದನ್ನು ತೆಗೆಯಲು ನಿರ್ಬಂಧ ಹಾಕಹೊರಟಾಗಲೇ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಮಂದಿ ರಸ್ತೆಗಿಳಿದದ್ದು. ಮಂಜುಳಾ ಹಿಂದಿನ ಎರಡೂ ಫ್ಯಾಕ್ಟರಿ ಬಿಟ್ಟಾಗ ಪಿಎಫ್ ಜೊತೆ ಪಿಂಚಣಿ ಹಣವನ್ನೂ ತೆಗೆದಿದ್ದರು. ಹಾಗಾಗಿ 9 ವರ್ಷ ದುಡಿದರೂ ಪಿಂಚಣಿ ಲೆಕ್ಕಕ್ಕೆ ಉಳಿದದ್ದು ಇಲ್ಲಿನ ನಾಲ್ಕೂವರೆ ವರ್ಷವಷ್ಟೇ. ಪಿಂಚಣಿಗೆ 10 ವರ್ಷ ಬೇಕು.

ಕೊಟ್ಟ ಸಲಹೆ: ‘ಬಿಡಬೇಕೇ’ ಮತ್ತು ‘ಯಾವಾಗ ಬಿಡಬೇಕು’ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000. ಇದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ವರ್ಷಕ್ಕೆ 7,500, ಐದು ವರ್ಷ ತುಂಬಿದರೆ 37,500 ಗ್ರಾಚ್ಯುಟಿ (ಒಂದೇ ಕಡೆ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಹಣ). ಈಗ ಬಿಟ್ಟರೆ ಅದು ಕೈತಪ್ಪಬಹುದು. ತಿಂಗಳಿಗೆ 600ರಂತೆ ಆ ಮೊತ್ತ ತುಂಬಲು ಐದು ವರ್ಷಕ್ಕೂ ಹೆಚ್ಚು ಬೇಕು. ಇದನ್ನು ಕಾಗದದ ಮೇಲೆ ಅವರ ಕೈಯಲ್ಲೇ ಮಾಡಿಸಿದೆವು. ಬಾಯಲ್ಲಿ ಹೇಳಿದರೆ ಫ್ಯಾಕ್ಟರಿ ಪರ ಮಾತಾಡಿದಂತೆ ಕೇಳುತ್ತದೆ.

ಆಪರೇಷನ್‌ಗೆ ಪಿಎಫ್ ಮುಟ್ಟಬೇಕಿಲ್ಲ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಗಂಡನಿಗೂ ಸಲ್ಲುತ್ತದೆ. ಕುಟುಂಬದ ವಿವರದಲ್ಲಿ ಅವರ ಹೆಸರೇ ಸೇರಿರಲಿಲ್ಲ, ಮೊದಲು ಅದನ್ನು ಸೇರಿಸಲು ಹೇಳಿದೆವು. ಅಲ್ಲೂ ತೊಡಕಾದರೆ, ಕೆಲಸದಲ್ಲಿದ್ದುಕೊಂಡೇ ಚಿಕಿತ್ಸೆಗೆ ಪಿಎಫ್ ಮುಂಗಡ ಕೇಳಬಹುದು.

ಲೈನಿನ ವಿಷಯಕ್ಕೆ ಆರು ದಿನದ ಚೀಟಿ. ಗಂಟೆಗೊಂದು ಸಾಲು: ಎಷ್ಟು ಪೀಸ್, ಬಂಡಲ್‌ಗೆ ಕಾದದ್ದು ಎಷ್ಟು ನಿಮಿಷ, ಮಷೀನ್ ನಿಂತದ್ದು, ಆಲ್ಟರ್ (ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸ್) ಬಂದದ್ದು. ಬೈದ ವಿಷಯ ಇದರಲ್ಲಿ ಬೇಡ. ಎರಡನ್ನೂ ಬೆರೆಸಿದರೆ ‘ಇವಳಿಗೆ ಸೂಪರ್‌ವೈಸರ್ ಮೇಲೆ ಕೋಪ’ ಎಂದು ಮುಗಿಸಿಬಿಡುತ್ತಾರೆ. ಚೀಟಿ ಹಿಡಿದು ಒಬ್ಬರೇ ಹೋಗದೆ, ಅದೇ ಲೈನಿನ ಇನ್ನಿಬ್ಬರೊಡನೆ ಫ್ಲೋರ್ ಇನ್‌ಚಾರ್ಜ್ ಬಳಿ ಹೋಗಿ ‘ಚೆಕ್ಸ್‌ಗೆ ಹೊಸದಾಗಿ ಟೈಮ್ ಸ್ಟಡಿ (ಒಂದು ಪೀಸ್‌ಗೆ ಎಷ್ಟು ಹೊತ್ತು ಎಂಬ ಅಳತೆ) ಮಾಡಿಸಿ’ ಎಂದಷ್ಟೇ ಕೇಳಿ. ಬೈಗುಳದ ದೂರು ಕುಂದುಕೊರತೆ ಸಮಿತಿಗೆ, ತಾರೀಖು, ಹೊತ್ತು, ಆಡಿದ ಮಾತಿನ ಸಮೇತ. ಮಾತಿನಲ್ಲೋ ವರ್ತನೆಯಲ್ಲೋ ಲೈಂಗಿಕ ಅಂಶವಿದ್ದರೆ ಅದು ಆಂತರಿಕ ಸಮಿತಿಯ ಕೆಲಸ, ದೂರಿಗೆ 3 ತಿಂಗಳ ಗಡುವು. ನೀರನ್ನಂತೂ ಬಿಡಬೇಡಿ, ಉರಿಮೂತ್ರಕ್ಕೆ ಈ ವಾರವೇ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಎಂದೆವು.

ತಿಂಗಳ ನಂತರದ ಭೇಟಿಯ ಹೊತ್ತಿಗೆ ಟೈಮ್ ಸ್ಟಡಿ ಮತ್ತೆ ಆಗಿ ಚೆಕ್ಸ್‌ಗೆ 48 ಎಂದು ಬರೆದಿದ್ದರು. ನಿದ್ದೆ ಸುಧಾರಿಸಿತ್ತು. ಸೂಪರ್‌ವೈಸರ್ ಬಾಯಿ ಹಾಗೇ ಇತ್ತು, ದೂರಿನ ವಿಚಾರಣೆ ಬಾಕಿ. ಬೇರೆ ಕಡೆ ಹೋಗುವ ಮನಸ್ಸನ್ನು ಮಂಜುಳಾ ಬಿಟ್ಟಿಲ್ಲ, ಬಿಡಿಸುವುದು ನಮ್ಮ ಗುರಿಯೂ ಆಗಿರಲಿಲ್ಲ. ಐದು ವರ್ಷ ತುಂಬಿದ ಮೇಲೆ ಹೋಗುವುದಾದರೆ ಗ್ರಾಚ್ಯುಟಿಗೆ ಅರ್ಜಿ ಬರೆದುಕೊಟ್ಟು ನಕಲಿಗೆ ಸಹಿ ಹಾಕಿಸಿಕೊಳ್ಳಬೇಕು, ಪಿಎಫ್ ತೆಗೆಯದೆ ಹೊಸ ಫ್ಯಾಕ್ಟರಿಗೆ ಅದೇ ಯುಎಎನ್ ನಂಬರ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೊಡಬೇಕು ಎಂದು ತಿಳಿಸಲಾಗಿದೆ.