ಪ್ರಾಣಿಯನ್ನು ಬಲಿಕೊಟ್ಟರೆ ಪಾಪ ಹೋಗುತ್ತದೆ ಎಂದು ಯೆಹೂದಿ ಶಾಸ್ತ್ರ ಹೇಳುತ್ತದೆಯೇ?

‘ರಕ್ತ ಸುರಿಸಿ ಕ್ಷಮೆ ಪಡೆಯುವುದರಲ್ಲಿ ಅಧ್ಯಾತ್ಮವೇನಿದೆ?’ ಎಂದು ಕೇಳಿದ್ದೀರಿ. ಉತ್ತರ ಇರುವುದು ಯೆಹೂದಿ ಶಾಸ್ತ್ರದ ಒಂದು ಪುಸ್ತಕವಾದ ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳ ನಿಯಮಗಳಲ್ಲೇ. ಓದಲು ಬೇಸರ ಹುಟ್ಟಿಸುವ ಭಾಗ ಅದು, ಒಪ್ಪುತ್ತೇನೆ. ಆದರೆ 5ನೇ ಅಧ್ಯಾಯ ನೋಡಿ. ಕೆಲವು ದೋಷಗಳಿಗೆ ಹೆಣ್ಣು ಕುರಿ ಅಥವಾ ಆಡು ತರಬೇಕು. ಶಕ್ತಿಯಿಲ್ಲದವರು ಎರಡು ಪಾರಿವಾಳ ತಂದರೆ ಸಾಕು. ಅದಕ್ಕೂ ಗತಿಯಿಲ್ಲದವರು ಏಫಾ ಎಂಬ ಅಳತೆಯ ಹತ್ತನೇ ಒಂದು ಭಾಗ, ಅಂದರೆ ಸುಮಾರು 2 ಲೀಟರು ಗೋದಿಹಿಟ್ಟು. ಹಿಟ್ಟಿನಲ್ಲಿ ರಕ್ತವೆಲ್ಲಿಂದ ಬರಬೇಕು? ಆದರೂ ಅವರಿಗೆ ಕ್ಷಮೆಯಾಗುತ್ತದೆ ಎಂದು ಅಲ್ಲೇ ಹೇಳಿದೆ.

ದೋಷಪರಿಹಾರಕ ಯಜ್ಞ ಮುಖ್ಯವಾಗಿ ತಿಳಿಯದೆ ಆದ ತಪ್ಪಿಗೆ. ದೇವರನ್ನೇ ಧಿಕ್ಕರಿಸಿ, ಬೇಕೆಂದೇ ಮಾಡಿದ್ದಕ್ಕೆ ಅದು ಸಲ್ಲದು (ಅದೇ ಶಾಸ್ತ್ರದ ಇನ್ನೊಂದು ಪುಸ್ತಕ, ಅರಣ್ಯಕಾಂಡ 15:30). ವಂಚನೆಯ ವಿಷಯ ಬೇರೆ. ಕದ್ದು ಸುಳ್ಳಾಣೆ ಇಟ್ಟವನು ಅಸಲಿಗೆ ಐದನೇ ಒಂದು ಭಾಗ ಸೇರಿಸಿ ಕಳೆದುಕೊಂಡವನ ಕೈಗೆ ಕೊಡಬೇಕು, ಟಗರನ್ನೂ ತರಬೇಕು. ಇಲ್ಲಿ ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು: ಮಾಲು ಹಿಂದಿರುಗಿಸುವ ಮೊದಲೇ ಬಲಿ ಕೊಟ್ಟರೆ ಅದು ಸಲ್ಲಲಿಲ್ಲ ಎಂದು ಯೆಹೂದಿ ನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ಖಂಡಿತವಾಗಿ ಹೇಳುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥ ಕಾಣುವುದು ತೋದಾದಲ್ಲಿ, ಅಂದರೆ ಕೃತಜ್ಞತೆಯ ಬಲಿಯಲ್ಲಿ. ಸಮುದ್ರಯಾನ, ಮರುಭೂಮಿ, ಕಾಯಿಲೆ, ಸೆರೆ, ಇವುಗಳಿಂದ ಪಾರಾದವರು ಕೃತಜ್ಞತೆ ಸಲ್ಲಿಸಬೇಕೆಂದು ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮೂದ್ ಹೇಳುತ್ತದೆ. ತೋದಾಕ್ಕೆ ಪ್ರಾಣಿಯ ಜೊತೆ ನಾಲ್ಕು ಬಗೆಯಲ್ಲಿ ಹತ್ತತ್ತು, ಒಟ್ಟು 40 ರೊಟ್ಟಿ. ಒಂದು ಬಗೆಯ ಹಿಟ್ಟನ್ನು ಮಾತ್ರ ಹುಳಿಬರಿಸಬೇಕು. ಕೊಬ್ಬು ವೇದಿಗೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಜೊತೆಗೆ ಬಗೆಗೊಂದರಂತೆ 4 ರೊಟ್ಟಿ. ಉಳಿದ ಮಾಂಸವೂ 36 ರೊಟ್ಟಿಯೂ ಬಲಿ ಕೊಟ್ಟವನದೇ. ಬೇರೆ ಸಮಾಧಾನಯಜ್ಞಗಳಿಗೆ, ಅಂದರೆ ಕೊಟ್ಟವರೂ ಪಾಲು ತಿನ್ನುವ ಬಲಿಗಳಿಗೆ, ಎರಡು ದಿನದ ಅವಕಾಶವಿದ್ದರೆ ಇದನ್ನು ಆ ರಾತ್ರಿಯೊಳಗೇ ತಿಂದು ಮುಗಿಸಬೇಕು, ಮಿಕ್ಕಿದ್ದನ್ನು ಸುಡಬೇಕು. ಒಂದು ಮನೆಯವರಿಂದ ಆಗುವ ಮಾತಲ್ಲ. ನಾಲ್ಕು ಜನರನ್ನು ಕರೆಯಲೇಬೇಕು, ಬಂದವರು ‘ಏನು ವಿಶೇಷ?’ ಎಂದು ಕೇಳೇ ಕೇಳುತ್ತಾರೆ, ಪಾರಾದ ಕಥೆ ಹೇಳಲೇಬೇಕು. ವ್ಯಾಖ್ಯಾನಕಾರರೂ ಈ ಅರ್ಥ ಕೊಟ್ಟಿದ್ದಾರೆ. ಇನ್ನೂ ಸೂಕ್ಷ್ಮವಾದದ್ದು: ‘ಗಡುವು ಮೀರಿ ತಿಂದರಾಯಿತು’ ಎಂಬ ಎಣಿಕೆಯಲ್ಲಿ ಕೊಯ್ದರೆ, ಆಮೇಲೆ ಹೊತ್ತಿಗೆ ಸರಿಯಾಗಿ ತಿಂದರೂ ಆ ಬಲಿ ಕೆಟ್ಟಂತೆಯೇ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಬಲಿ ನಿಂತಿತು. ಯೆಹೂದಿ ಪಂಡಿತರು ಬೆಳಗಿನ, ಮಧ್ಯಾಹ್ನದ ಪ್ರಾರ್ಥನೆಗಳನ್ನು ನಿತ್ಯಬಲಿಯ ಹೊತ್ತಿಗೆ ಹೊಂದಿಸಿದರು.

ಬಲಿಯ ಕಾರಣದ ಬಗ್ಗೆ ಯೆಹೂದಿ ಪಂಡಿತರಲ್ಲೇ ಜಗಳವಿದೆ. ಮಧ್ಯಯುಗದ ತತ್ತ್ವಜ್ಞಾನಿ ಮೈಮೋನಿಡೀಸ್ ಪ್ರಕಾರ ಬಲಿ ಶಾಸ್ತ್ರ ಬಂದ ಕಾಲದ ರೂಢಿ. ಜನರನ್ನು ವಿಗ್ರಹಾರಾಧನೆಯಿಂದ ಮೆಲ್ಲಗೆ ಬಿಡಿಸಲು ದೇವರು ಅದನ್ನೇ ತನ್ನ ಕಡೆಗೆ ತಿರುಗಿಸಿಕೊಂಡ. ಅವರ ನಂತರದ ವ್ಯಾಖ್ಯಾನಕಾರ ನಾಖ್ಮಾನಿಡೀಸ್ ಒಪ್ಪಲಿಲ್ಲ. ಪ್ರಾಣಿಯ ತಲೆಯ ಮೇಲೆ ಕೈಯಿಡುವುದು ಕೃತ್ಯಕ್ಕೆ, ಬಾಯಿಬಿಟ್ಟು ತಪ್ಪೊಪ್ಪುವುದು ಮಾತಿಗೆ, ಕರುಳು ಮೂತ್ರಪಿಂಡ ಸುಡುವುದು ಆಲೋಚನೆ ಆಸೆಗಳಿಗೆ ಎಂದು ಅವರು ವಿವರಿಸಿದರು. ಬಲಿ ಯಾಕೆ ಬಂತು ಎನ್ನುವುದಕ್ಕೆ ನನಗೆ ಮೈಮೋನಿಡೀಸ್ ಮಾತೇ ಸರಿ. ಆದರೆ ತೋದಾದ ಆ ಗಡುವಿಗೆ ಅದರಿಂದ ಉತ್ತರ ಸಿಗುವುದಿಲ್ಲ.