ಗ್ರೀನ್ ಟೀ ಕುಡಿಯೋ ಬದಲು ಅದರ ಎಕ್ಸ್‌ಟ್ರಾಕ್ಟ್ ಮಾತ್ರೆ ತಗೊಂಡ್ರೆ ಲಾಭ ಜಾಸ್ತಿನಾ?

ನಾನು ಡಾಕ್ಟರ್ ಅಲ್ಲ, ಟೀ ಹುಚ್ಚ ಅಷ್ಟೇ. ಆದ್ರೆ ಈ ಮಾತ್ರೆ ಒಂದು ತಿಂಗಳು ನುಂಗಿ ಬಿಟ್ಟಿದೀನಿ, ಅದಕ್ಕೇ ಬರೀತಿದೀನಿ. "ಐದಾರು ಕಪ್ ಟೀ ಸತ್ವ ಒಂದೇ ಮಾತ್ರೇಲಿ ಸಿಕ್ರೆ ಯಾಕೆ ತಗೋಬಾರ್ದು" ಅಂತ ಕೇಳಿದೀರಲ್ಲ, ತೊಂದ್ರೆ ಇರೋದೇ ಆ ಲೆಕ್ಕದಲ್ಲಿ.

ಟೀ ಎಲೇಲಿ ಕ್ಯಾಟೆಚಿನ್ ಅಂತ ಪಾಲಿಫಿನಾಲ್‌ಗಳಿರ್ತವೆ (ಗಿಡದಲ್ಲಿ ಸಹಜವಾಗಿರೋ ರಾಸಾಯನಿಕ ಅವು), ಅದ್ರಲ್ಲಿ ಮುಖ್ಯವಾದ್ದು ಇಜಿಸಿಜಿ. ಗ್ರೀನ್ ಟೀ ಬ್ಲ್ಯಾಕ್ ಟೀ ಎರಡೂ ಒಂದೇ ಗಿಡದ್ದು, ಎಲೆ ಕಿತ್ತ ಕೂಡ್ಲೇ ಬಿಸಿ ತೋರಿಸಿದ್ರೆ ಕ್ಯಾಟೆಚಿನ್ ಹಾಗೇ ಉಳಿಯುತ್ತೆ, ಅದು ಗ್ರೀನ್ ಟೀ; ಎಲೇನ ಹೊಸಕಿ ಗಾಳಿಗೆ ಬಿಟ್ರೆ ಆ ಕ್ಯಾಟೆಚಿನ್ನೇ ಥಿಯಾಫ್ಲೇವಿನ್, ಥಿಯಾರೂಬಿಜಿನ್ ಅನ್ನೋ ಬಣ್ಣದ ಅಂಶಗಳಾಗಿ ಕೆಂಪು ಬಣ್ಣ ಬರುತ್ತೆ, ಅದು ಬ್ಲ್ಯಾಕ್ ಟೀ. ಟೀ ಕುಡಿದಾಗ ಇವು ಸ್ವಲ್ಪ ಸ್ವಲ್ಪವೇ, ದಿನವಿಡೀ ಹಂಚಿಕೊಂಡು ಒಳಗೆ ಹೋಗ್ತವೆ, ಅದ್ರಲ್ಲೂ ರಕ್ತಕ್ಕೆ ಸೇರೋದು ಕಮ್ಮೀನೇ. ಮಾತ್ರೇಲಿ ಹಾಗಲ್ಲ, ಒಂದೇ ಏಟಿಗೆ ಲಿವರ್ ಮೇಲೆ ಬೀಳುತ್ತೆ, ಅದೂ ಖಾಲಿ ಹೊಟ್ಟೇಲಿ ತಗೊಂಡ್ರೆ ಇನ್ನೂ ಜಾಸ್ತಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಇದನ್ನೇ ನೋಡಿ ಹೇಳಿದ್ದು: ಗ್ರೀನ್ ಟೀ ಕುಡಿಯೋರಿಗೆ ಸಾಮಾನ್ಯವಾಗಿ ದಿನಕ್ಕೆ 90ರಿಂದ 300 ಮಿಲಿಗ್ರಾಂ ಇಜಿಸಿಜಿ ಹೋಗುತ್ತೆ, ಅದು ಸರಿ, ಆದ್ರೆ ಸಪ್ಲಿಮೆಂಟ್ ರೂಪದಲ್ಲಿ 800 ಅಥವಾ ಅದಕ್ಕಿಂತ ಮೇಲೆ ಹೋದ್ರೆ ರಕ್ತದಲ್ಲಿ ಲಿವರ್ ಎನ್‌ಜೈಮ್ ಏರುತ್ತೆ, ಅಂದ್ರೆ ಲಿವರ್‌ಗೆ ಪೆಟ್ಟು ಬೀಳ್ತಿರಬಹುದು ಅಂತ. ನಂಗೆ ಲಿವರ್ ತಂಕ ಹೋಗ್ಲಿಲ್ಲ ಪುಣ್ಯ, ಬೆಳಗ್ಗೆ ಖಾಲಿ ಹೊಟ್ಟೇಲಿ ನುಂಗ್ತಿದ್ದೆ, ಅರ್ಧ ಗಂಟೇಲಿ ಹೊಟ್ಟೆ ತೊಳೆಸೋದು, ಬೆವರು, ಸಾಕಪ್ಪಾ ಅಂತ ಬಿಟ್ಟೆ.

ಹಾಗಾದ್ರೆ ಲಾಭವೇ ಇಲ್ವಾ ಅಂದ್ರೆ ಇದೆ, ಆದ್ರೆ ಜಾಹೀರಾತಿನಷ್ಟಿಲ್ಲ. ಜಪಾನಲ್ಲಿ 40 ಸಾವಿರ ಜನರನ್ನ 11 ವರ್ಷ ಹಿಂಬಾಲಿಸಿದ ಅಧ್ಯಯನ 2006ರಲ್ಲಿ ಬಂತು, ದಿನಕ್ಕೆ ಐದು ಕಪ್ ಅಥವಾ ಹೆಚ್ಚು ಗ್ರೀನ್ ಟೀ ಕುಡಿಯೋರಲ್ಲಿ ಹೃದಯ ರಕ್ತನಾಳದ ಕಾಯಿಲೆಯಿಂದ ಸಾಯೋದು ಕಮ್ಮಿ ಇತ್ತು, ಕ್ಯಾನ್ಸರ್ ಸಾವಲ್ಲಿ ಮಾತ್ರ ವ್ಯತ್ಯಾಸ ಕಾಣ್ಲಿಲ್ಲ. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಡೇಟಾದಲ್ಲಿ ಬ್ಲ್ಯಾಕ್ ಟೀಗೂ ಅಂಥದ್ದೇ ಸಣ್ಣ ಲಾಭ ಕಂಡಿದೆ, ಹಾಲು ಹಾಕಿದ್ರೂ ಸಹ (ಹಾಲು ಹಾಕಿದ್ರೆ ಎಲ್ಲಾ ಹಾಳು ಅಂತ ಬೈಯೋರಿಗೆ ಇದನ್ನ ತೋರಿಸಿ). ಟೀ ಕುಡಿಯೋರ ಬೇರೆ ಅಭ್ಯಾಸಗಳೂ ಚೆನ್ನಾಗಿರಬಹುದು, ಅದೂ ಲೆಕ್ಕಕ್ಕೆ ಬರುತ್ತೆ. ಇವೆಲ್ಲ ಕುಡಿದೋರ ಲೆಕ್ಕ, ಮಾತ್ರೆ ನುಂಗಿದೋರದ್ದಲ್ಲ, ಅದನ್ನ ಮಾತ್ರೆ ಡಬ್ಬಿ ಮೇಲೆ ಯಾರೂ ಬರೆಯಲ್ಲ. ತೂಕದ ವಿಷ್ಯ ಬಿಟ್ಬಿಡಿ, ಇಳಿಯೋದು ಇದ್ರೂ ಲೆಕ್ಕಕ್ಕೆ ಬಾರದಷ್ಟು.

ಟೀಲಿ ನಂಗೆ ನಿಜವಾಗ್ಲೂ ಇಷ್ಟ ಆಗೋದು ಥಿಯಾನಿನ್ ಅನ್ನೋ ಅಂಶ. ಅಮೈನೋ ಆಮ್ಲ ಅದು, ಬೇರಲ್ಲಿ ತಯಾರಾಗಿ ಎಲೆಗೆ ಬರುತ್ತೆ, ಬಿಸಿಲು ಬಿದ್ರೆ ಕಮ್ಮಿ ಆಗುತ್ತೆ, ಅದಕ್ಕೇ ಮಾಚಾ (ಎಲೇನ ಪುಡಿ ಮಾಡಿ ಕುಡಿಯೋ ಜಪಾನಿ ಗ್ರೀನ್ ಟೀ) ಗಿಡಗಳಿಗೆ ನೆರಳು ಕಟ್ಟೋದು. ಕೆಫೀನ್ ಜೊತೆ ಸೇರಿದಾಗ ಎಚ್ಚರ ಇರುತ್ತೆ ಆದ್ರೆ ಕಾಫಿ ಥರ ಕೈ ನಡುಗೋದಿಲ್ಲ, ಕೊನೇಪಕ್ಷ ನಂಗೆ ಹಾಗೇ ಅನ್ಸುತ್ತೆ.

ಇನ್ನೊಂದು, ಊಟ ಆದ ತಕ್ಷಣ ಟೀ ಕುಡೀಬೇಡಿ, ಸೊಪ್ಪು ಕಾಳಿನಲ್ಲಿರೋ ಕಬ್ಬಿಣಾಂಶಾನ ಈ ಪಾಲಿಫಿನಾಲ್‌ಗಳೇ ಹಿಡ್ಕೊಂಡ್ಬಿಡ್ತವೆ, ಒಂದು ಗಂಟೆ ಬಿಟ್ಟು ಕುಡೀರಿ, ರಕ್ತ ಕಮ್ಮಿ ಇರೋರಂತೂ ಖಂಡಿತ. ಬಿಪಿಗೆ ನಾಡೊಲಾಲ್ ಅಥವಾ ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ತಿದ್ರೆ ಡಾಕ್ಟರಿಗೆ ಹೇಳದೆ ಗ್ರೀನ್ ಟೀ ಜಾಸ್ತಿ ಮಾಡ್ಬೇಡಿ.

ಡಬ್ಬಿ ಈಗಾಗ್ಲೇ ತಂದಿದ್ರೆ ಹಿಂದಿನ ಲೇಬಲಲ್ಲಿ ಇಜಿಸಿಜಿ ಎಷ್ಟು ಮಿಲಿಗ್ರಾಂ ಅಂತ ಹುಡುಕಿ. ಬರೀ "ಗ್ರೀನ್ ಟೀ ಎಕ್ಸ್‌ಟ್ರಾಕ್ಟ್" ಅಂತಿದ್ದು ಲೆಕ್ಕ ಕೊಟ್ಟಿಲ್ಲ ಅಂದ್ರೆ ವಾಪಸ್ ಕೊಡಿ. ತಗೊಂಡ್ಮೇಲೆ ಮೂತ್ರ ಕಪ್ಪಾಗೋದು, ಕಣ್ಣು ಹಳದಿ ಆಗೋದು ಕಂಡ್ರೆ ಮಾತ್ರೆ ಅಲ್ಲೇ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ರ ಹೋಗಿ.