4350 ಅಂದರೆ ಯಾವ 4350?

ಪ್ರಶ್ನೆ: ನನ್ನ ಬೇಟೆ ರೈಫಲ್ .30-06 ಅಳತೆಯ ತೋಟೆಯದು. ಅದಕ್ಕೆ 180 ಗ್ರೈನ್ (ತೂಕದ ಒಂದು ಸಣ್ಣ ಮಾನ) ಗುಂಡಿನ ತೋಟೆ ನಾನೇ ತುಂಬಿಕೊಳ್ಳಬೇಕು ಅಂತಿದ್ದೇನೆ. ಕೈಪಿಡಿಯಲ್ಲಿ ಎಚ್4350 ಪೌಡರಿನ, ಅಂದರೆ ತೋಟೆಗೆ ತುಂಬುವ ಮದ್ದಿನ, ಅಳತೆ ಇದೆ. ಗೆಳೆಯರೊಬ್ಬರು ಐಎಂಆರ್ 4350 ಅರ್ಧ ಡಬ್ಬಿ ಕೊಟ್ಟಿದ್ದಾರೆ. ನಂಬರ್ ಒಂದೇ ಅಲ್ವಾ, ಅದೇ ಅಳತೆ ಹಾಕಬಹುದಾ? ಅಥವಾ ಇನ್ನೂ ಜಾಸ್ತಿ ವೇಗ ಕೊಡುವ ಪೌಡರ್ ಹುಡುಕಲಾ?

ಉತ್ತರ: ಹಾಕಬೇಡಿ. ಎಚ್, ಐಎಂಆರ್ ಎರಡು ಬೇರೆ ಬ್ರ್ಯಾಂಡ್, ನಂಬರ್ ಒಂದೇ ಆದರೂ ಮದ್ದು ಬೇರೆ. ಉರಿಯುವ ವೇಗ ಹತ್ತಿರ ಹತ್ತಿರ ಇದೆ, ಆದರೆ ಒಂದೇ ಅಲ್ಲ. ಒಂದರ ಗರಿಷ್ಠ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಒತ್ತಡ ಮಿತಿ ದಾಟಬಹುದು. 4895, 4831 ನಂಬರಿನ ಪೌಡರ್‌ಗಳದ್ದೂ ಇದೇ ಕಥೆ.

ಅರ್ಧ ಡಬ್ಬಿ ಅಂದಿದ್ದೂ ನನಗೆ ಸರಿ ಬರಲಿಲ್ಲ. ಪೌಡರ್ ಅಳೆದು ಸುರಿಯುವ ಅಳತೆ ಯಂತ್ರದಲ್ಲಿ ಉಳಿದ ಬೇರೆ ಪೌಡರನ್ನು ಯಾರೋ ಮರೆತು ಅದಕ್ಕೆ ಸುರಿದಿದ್ದರೆ? ನೋಡಿದರೆ ಗೊತ್ತಾಗುವುದಿಲ್ಲ, ಇಂಥ ಪೌಡರ್‌ಗಳು ಬಹುತೇಕ ಸಣ್ಣ ಕಪ್ಪು ಕಡ್ಡಿಗಳೇ. ಗೆಳೆತನ ಇರಲಿ, ಆ ಡಬ್ಬಿ ಬೇಡ.

ಆದರೆ 4350 ಅನ್ನುವ ದಿಕ್ಕು ಸರಿಯಾಗೇ ಇದೆ. ಕೇಸ್ (ಪೌಡರ್ ತುಂಬುವ ತೋಟೆಯ ಲೋಹದ ಕೊಳವೆ) ದೊಡ್ಡದಾಗಿ ಗುಂಡು ಭಾರವಾದಷ್ಟೂ ನಿಧಾನವಾಗಿ ಉರಿಯುವ ಪೌಡರ್ ಬೇಕು. .308 ಅನ್ನುವ ಇನ್ನೊಂದು ತೋಟೆಯ ಗುಂಡಿಗೂ ಅದೇ ವ್ಯಾಸ, ಆದರೆ ಕೇಸ್ ಚಿಕ್ಕದು. ಹಾಗಾಗಿ ಅದಕ್ಕೆ ಸ್ವಲ್ಪ ಚುರುಕಾದದ್ದು ಹೊಂದುತ್ತದೆ. ದೊಡ್ಡ ಮ್ಯಾಗ್ನಮ್‌ಗಳಿಗೆ (ಹೆಚ್ಚು ಪೌಡರ್ ಹಿಡಿಯುವ ತೋಟೆಗಳಿಗೆ) ಇನ್ನೂ ನಿಧಾನದ್ದು. ನಿಮ್ಮ ಕೇಸ್ 4350ರಲ್ಲಿ ಹೆಚ್ಚುಕಡಿಮೆ ತುಂಬುತ್ತದೆ, ಅದೂ ಒಂದು ಲಾಭ. ಮೈಮರೆತು ಎರಡು ಸಲ ಹಾಕಿದರೆ ಹೊರಗೆ ಚೆಲ್ಲಿ ಅಲ್ಲೇ ಕಾಣುತ್ತದೆ.

ಕಡ್ಡಿ ಪೌಡರಿಗೆ ಒಂದು ಕಿರಿಕಿರಿ ಇದೆ. ಅಳತೆ ಯಂತ್ರದ ಹಿಡಿ ತಿರುಗಿಸುವಾಗ ಕಡ್ಡಿ ನಡುವೆ ಸಿಕ್ಕಿ ಕರಕ್ ಅಂತ ತುಂಡಾಗುತ್ತದೆ. ಅಳತೆ ಆಗ ಸ್ವಲ್ಪ ಆಚೀಚೆ. ನಾನಂತೂ ಒಂಚೂರು ಕಮ್ಮಿ ಹಾಕಿ, ಉಳಿದದ್ದನ್ನು ತಕ್ಕಡಿಯ ಮೇಲೆ ಚಿಟಿಕೆ ಚಿಟಿಕೆ ಉದುರಿಸುತ್ತೇನೆ. ದುಂಡನೆಯ ಕಾಳಿನ ಬಾಲ್ ಪೌಡರ್ ನೀರಿನಂತೆ ಇಳಿಯುತ್ತದೆ, ಅಳತೆ ಸಲೀಸು. ಆದರೆ ಅದರಲ್ಲಿ ಅನೇಕವು ಬಿಸಿಲು, ಚಳಿಗೆ ಬೇಗ ಬದಲಾಗುತ್ತವೆ. ಎಚ್4350 ಈ ವಿಷಯದಲ್ಲಿ ಸ್ಥಿರ. ಬಿಸಿಲಲ್ಲಿ ಗುರಿ ಹೊಂದಿಸಿ, ಚಳಿಯ ಬೆಳಗ್ಗೆ ಬೇಟೆಗೆ ಹೋಗುವವರಿಗೆ ಇದು ದೊಡ್ಡ ಸಂಗತಿ.

ಜಾಸ್ತಿ ವೇಗದ ಆಸೆ ಬಿಡಿ. ಸೆಕೆಂಡಿಗೆ 50 ಅಡಿ ಹೆಚ್ಚು ಬಂದರೆ ಪ್ರಾಣಿಗೆ ಗೊತ್ತಾಗುವುದಿಲ್ಲ, ಗುಂಡು ನಾಲ್ಕು ಇಂಚು ಆಚೆ ಬಿದ್ದರೆ ಗೊತ್ತಾಗುತ್ತದೆ. ಕೈಪಿಡಿಯ ಆರಂಭದ ಅಳತೆಯಿಂದ ಶುರು ಮಾಡಿ, ಅರ್ಧ ಗ್ರೈನ್‌ನಷ್ಟೇ ಏರಿಸುತ್ತಾ, ಗರಿಷ್ಠ ಅಳತೆಯೊಳಗೇ ಹೋಗಿ. ಅದಕ್ಕೂ ಮೊದಲೇ ಬೋಲ್ಟ್ (ತೋಟೆಯ ಹಿಂದೆ ಮುಚ್ಚುವ ಅಗುಳಿ) ಎತ್ತಲು ಬಿಗಿಯಾಯಿತೋ, ಒತ್ತಡ ಹೆಚ್ಚಿದೆ, ಅಲ್ಲಿಗೇ ನಿಲ್ಲಿಸಿ. ಹಾಗಂತ ಆರಂಭದ ಅಳತೆಗಿಂತ ಕೆಳಗೂ ಇಳಿಯಬೇಡಿ, ನಿಧಾನದ ಪೌಡರ್ ತೀರಾ ಕಮ್ಮಿಯಾದರೂ ಅಪಾಯವೇ.

ಸೀಲ್ ಒಡೆಯದ ಎಚ್4350 ಡಬ್ಬಿ ಒಂದು ತಗೊಳ್ಳಿ. ನಿಮ್ಮ ಕೈಪಿಡಿಯಲ್ಲಿ ಹೇಗೂ ಅದರ ಅಳತೆಯೇ ಇದೆಯಲ್ಲ.